ಡಯಾಲಿಸಿಸ್ ನಿಲ್ಲಿಸಿದ ಡಾಕ್ಟರ್‌ಬಾಯಿ

ಅವ್ವನ ಕಾಲು ಬಾತಿದ್ದವು. ಕಾಲುಂಗುರ ಬೆರಳಿಗೆ ಕಚ್ಚಿಕೊಂಡಾಗಲೂ, ದಿನವೆಲ್ಲ ಒಲೆ ಮುಂದೆ ಕುಳಿತು ರೊಟ್ಟಿ ಬಡಿದದ್ದಕ್ಕೆ ಅಂದುಕೊಂಡೆವು. ಮುಖವೂ ಊದಿಕೊಂಡ ಮೇಲೆ ನಮ್ಮೂರು ಸುಳ್ಳದಿಂದ ಹುಬ್ಬಳ್ಳಿಗೆ ಕರೆತಂದು ತೋರಿಸಿದೆ.

ಎರಡೂ ಕಿಡ್ನಿ ಹೋಗಿದ್ದವು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅದು ಸುಮ್ಮನೆ ಸಿಕ್ಕದ್ದಲ್ಲ, ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಅವ್ವನನ್ನು ಹುಬ್ಬಳ್ಳಿಯಲ್ಲೇ, ಬೆಂಗೇರಿಯ ನನ್ನ ಬಾಡಿಗೆ ಮನೆಯಲ್ಲಿಟ್ಟುಕೊಂಡು ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರು ಮಾಡಿಸಿದೆ. ವಾರಕ್ಕೆ ಎರಡು ಸಲ.

ಮೆಷಿನ್ ಹಚ್ಚಿ ಸ್ವಲ್ಪ ಹೊತ್ತಿಗೆ ಅವ್ವನಿಗೆ ಗಡಗಡ ನಡುಕ, ಆಮೇಲೆ ಜ್ವರ. ಆಚೀಚೆ ಹಾಸಿಗೆಯವರಿಗೂ ಹಾಗೇ. ರಕ್ತ ಹೊರಗೆ ಹೋಗಿ ತಣ್ಣಗಾಗಿ ಬರುತ್ತದೆ, ನಡುಕ ಬಂದೇ ಬರುತ್ತದೆ ಎಂದು ಹಳಬರು ಹೇಳಿದರು. ನಂಬಿದೆವು. ಎಲ್ಲರೂ ಹೊದೆಯಲು ಮನೆಯಿಂದ ಕೌದಿ ತರುತ್ತಿದ್ದೆವು. ಯಾರ ಕೌದಿಯ ಹೊಲಿಗೆ ಛಲೋ ಎಂದು ಹೆಂಗಸರಲ್ಲಿ ವಾದವೂ ನಡೆಯುತ್ತಿತ್ತು. ಒಮ್ಮೆ ನರ್ಸ್‌ಗೆ ಕೇಳಲು ಎದ್ದೆ. ಅವ್ವ ಸೆರಗು ಹಿಡಿದು ಕೂರಿಸಿದಳು.

"ಪುಕ್ಕಟೆ ಮಾಡಾಕತ್ತಾರ, ಅದಕ್ಕೂ ಹೆಸರಿಡ್ತೀ ಏನ? ಸುಮ್ನ ಕುಂದ್ರು."

ಬೇಸಿಗೆಯಲ್ಲಿ ಹೊಸ ಡಾಕ್ಟರ್ ಬಂದರು. ಹೆಣ್ಣುಮಗಳಾದ್ದರಿಂದ ಎಲ್ಲರ ಬಾಯಲ್ಲೂ ಡಾಕ್ಟರ್‌ಬಾಯಿ. ಆ ಧಗೆಯಲ್ಲಿ ಸಾಲಾಗಿ ಕೌದಿ ಹೊದ್ದು ಮಲಗಿದವರನ್ನು ಬಾಗಿಲಲ್ಲೇ ನಿಂತು ನೋಡಿದರು. ಇಷ್ಟೂ ಮಂದಿಗೆ ಚಳಿ ಯಾಕೆ ಎಂದರು. ಡಯಾಲಿಸಿಸ್ ಅಂದರೆ ಹೀಗೇ ಇರುತ್ತದೆ ಎಂದು ನಾವೇ ಅವರಿಗೆ ತಿಳಿಸಿ ಹೇಳಿದೆವು. ಅವರು ನಗಲಿಲ್ಲ. ರಕ್ತ ತೊಳೆಯಲು ಮೆಷಿನ್‌ಗೆ ಹೋಗುವ ನೀರನ್ನು ಪರೀಕ್ಷೆಗೆ ಕಳಿಸಿ, ಅಂದೇ ಎಲ್ಲ ಮೆಷಿನ್ ಬಂದ್ ಮಾಡಿಸಿದರು.

ನೀರು ಕೆಟ್ಟಿತ್ತು.

ಆದರೆ ಅಷ್ಟರಲ್ಲಿ ಅವ್ವನ ಪಾಳಿ ತಪ್ಪಿತ್ತು. ಮಲಗಲು ಆಗದೆ ಕುಳಿತೇ ಉಸಿರು ಎಳೆಯುತ್ತಿದ್ದಳು. ನಾನು ಡಾಕ್ಟರ್‌ಬಾಯಿಯ ಮೇಲೆ ಹರಿಹಾಯ್ದೆ. ನಡುಕವನ್ನಾದರೂ ತಡೆದುಕೊಂಡಾಳು, ಉಸಿರೇ ನಿಂತರೆ ಏನು ಮಾಡಲಿ ಎಂದೆ.

"ಆ ನೀರು ನಿಮ್ಮವ್ವನ ರಕ್ತಕ್ಕ ತಾಗಾಕ ನಾ ಬಿಡೂದಿಲ್ರಿ. ಬ್ಯಾರೆ ಕಡೆ ಹಾಸಿಗಿ ಹುಡುಕೇನಿ, ಈಗ ಹೊಂಡ್ರಿ. ಮತ್ತ ಈ ಸಿಟ್ಟು ಇಲ್ಲೇ ಖರ್ಚು ಮಾಡಬ್ಯಾಡ್ರಿ. ನಾಳೆ ದವಾಖಾನಿ ದೊಡ್ಡ ಸಾಹೇಬ್ರ ಮುಂದ ಬೇಕಾಗ್ತದ."

ಫೋನ್ ಹಚ್ಚಿ ಹಚ್ಚಿ ಅವರು ಪ್ರತಿ ರೋಗಿಗೂ ಬೇರೆ ಆಸ್ಪತ್ರೆಗಳಲ್ಲಿ ಜಾಗ ಮಾಡಿದ್ದರು. ಅಂದು ಬೇರೆ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಿ ಅವ್ವನ ಉಸಿರು ತಿಳಿಯಾಯಿತು. ನಡುಕ ಬರಲೇ ಇಲ್ಲ. ಇಷ್ಟು ದಿನ ಅವಳು ನಡುಗಬೇಕಾಗಿಯೇ ಇರಲಿಲ್ಲ ಎಂಬುದು ಆಗ ನನಗೆ ತಿಳಿಯಿತು.

ಮರುದಿನ ಸಾಹೇಬರ ಕಚೇರಿಗೆ ರೋಗಿಗಳ ಕಡೆಯವರಾದ ನಮ್ಮನ್ನೂ ಡಾಕ್ಟರ್‌ಬಾಯಿ ಕರೆದುಕೊಂಡು ಹೋದರು. ನೀರು ಶುದ್ಧ ಮಾಡುವ ಯಂತ್ರಕ್ಕೆ ಮಂಜೂರಾತಿ ಬೇಕು, ತಡೆಯಿರಿ ಎಂದರು ಸಾಹೇಬರು. ರೋಗಿಗಳಿಂದ ಒಂದು ದೂರೂ ಬಂದಿಲ್ಲವಲ್ಲ ಎಂದೂ ಕೇಳಿದರು. ಡಾಕ್ಟರ್‌ಬಾಯಿ ತಮ್ಮ ಖುರ್ಚಿಯನ್ನು ನನ್ನ ಕಡೆ ಸರಿಸಿ ತಾವು ಎದ್ದು ನಿಂತರು. ನಾನು ಕುಳಿತು ಎಲ್ಲ ಹೇಳಿದೆ. ಮಾತು ತೊದಲಿತು, ಆದರೆ ಮುಗಿಸಿದೆ.

ಯಂತ್ರ ಬಂತು, ಅಲ್ಲಿ ಡಯಾಲಿಸಿಸ್ ಮತ್ತೆ ಶುರುವಾಯಿತು. ನೀರಿನ ಪರೀಕ್ಷೆಯ ಫಲಿತಾಂಶ ಪ್ರತಿ ತಿಂಗಳೂ ವಾರ್ಡಿನ ಗೋಡೆಯ ಮೇಲೆ ಇರಬೇಕೆಂದು ಡಾಕ್ಟರ್‌ಬಾಯಿ ಹಟ ಹಿಡಿದು ಮಾಡಿಸಿದರು.

ಅವ್ವ ಗುಣವಾಗಿಲ್ಲ. ಪೂರ್ತಿ ಹೋಗುವ ಕಾಯಿಲೆಯೂ ಅಲ್ಲ. ಡಯಾಲಿಸಿಸ್ ಆದ ದಿನ ನೆಲಕ್ಕೆ ಅಂಟಿದವಳಂತೆ ಮಲಗುತ್ತಾಳೆ. ಆದರೆ ಈಗ ಸೂಜಿ ಹತ್ತಿರ ಬಂದಾಗ ಕೈ ಹಿಂದೆ ಎಳೆದುಕೊಳ್ಳುತ್ತಾಳೆ. "ನೀರಿಂದು ಏನ ಬರದಾರ, ಮೊದಲ ಓದಿ ಹೇಳ್ರಿ." ಡಾಕ್ಟರ್‌ಬಾಯಿಗಿಂತ ನಿಮ್ಮದೇ ಜೋರಾಯಿತು ಎಂದು ನರ್ಸ್ ಕಾಡಿಸುತ್ತಾರೆ.

ಕಾಡಿಸಿ, ಗೋಡೆಯವರೆಗೆ ಹೋಗಿ ಓದಿ ಬರುತ್ತಾರೆ. ಆಮೇಲೆ ಅವ್ವ ಕೈ ಚಾಚುತ್ತಾಳೆ.