ಹೋಬರ್ಟ್ ಕಾಡಿಲ್‌ನ ಅಳಿಲು ಕೋವಿ

ಹೋಬರ್ಟ್ ಕಾಡಿಲ್‌ನ ಹಳೆಯ ಕೋವಿಯದು ಐವತ್ತರ ನಳಿಗೆ, ಅಂದರೆ ಅರ್ಧ ಇಂಚು ಅಗಲದ್ದು, ಜಿಂಕೆಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಅವನು ಅಳಿಲಿಗೆ ಈಡು ಹೊಡೆದ. ಹಿಕೋರಿ ಮರದಿಂದ ಕೆಳಗೆ ಬಿದ್ದದ್ದು ಒಂದು ಬಾಲ, ಒಂದಿಷ್ಟು ತುಪ್ಪಳ. ಅದನ್ನೇ ಚೀಲದಲ್ಲಿ ಹೊತ್ತು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಾಗ ಹೆಂಡತಿ ಇಮೋಜೀನ್ ಸೌಟು ಹಿಡಿದುಕೊಂಡೇ ಕೇಳಿದಳು:

"ಇದನ್ನ ಬೇಯಿಸ್ಲಾ, ಇಲ್ಲಾ ಟೋಪಿಗೆ ಸಿಕ್ಕಿಸ್ಕೋತೀಯಾ?"

ಹೀಗಾಗಿ ಸಣ್ಣ ನಳಿಗೆಯ ಕೋವಿ ಕೊಳ್ಳುವುದೆಂದು ತೀರ್ಮಾನವಾಯಿತು. ತೋಟಾ ಕೋವಿ ಕೊಂಡಿದ್ದರೆ ಅಂದೇ ಕೆಲಸ ಮುಗಿಯುತ್ತಿತ್ತು. ಆದರೆ ತೋಟಾ ಹಾಕಿ ಹೊಡೆಯುವವರನ್ನು ಹೋಬರ್ಟ್ ಬೇಟೆಗಾರರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಅವನ ಮುತ್ತಾತ ಕೆಂಟಕಿಯ ಈ ಬೆಟ್ಟಗಳಿಗೆ ನಡೆದುಕೊಂಡೇ ಬಂದವನಂತೆ, ಹೆಗಲ ಮೇಲೆ ಮೂತಿಯಿಂದ ಮದ್ದು ತುಂಬುವ ಉದ್ದನೆಯ ಕೋವಿ ಇತ್ತಂತೆ. ಮುತ್ತಾತ ಬಂದದ್ದು ರೈಲಿನಲ್ಲಿ, ಕಲ್ಲಿದ್ದಲು ಗಣಿಯ ಕೂಲಿಗೆ ಎಂಬುದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ, ಏಕೆಂದರೆ ನಮ್ಮ ಮುತ್ತಾತಂದಿರೂ ಅದೇ ರೈಲಿನಲ್ಲಿ ಬಂದವರು.

ಆ ಚಳಿಗಾಲವಿಡೀ ಕ್ಲೆಲ್‌ನ ಅಂಗಡಿಯಲ್ಲಿ ಇದೊಂದೇ ಮಾತು. ಕ್ಲೆಲ್ ಹೋಬರ್ಟನ ದೊಡ್ಡಪ್ಪನ ಮಗ. ಮೊಳೆ, ದನದ ಹಿಂಡಿ, ಕೋವಿ ಎಲ್ಲವನ್ನೂ ಒಂದೇ ಸೂರಿನಡಿ ಮಾರುವವನು. ಕಣ್ಣಿಗೆ ಪೊರೆ ಬಂದ ಮೇಲೆ ತಾನು ಬೇಟೆಗೆ ಹೋಗದಿದ್ದರೂ ಸಲಹೆಗೆ ಬರವಿರಲಿಲ್ಲ.

"ಮೂವತ್ತಾರರ ನಳಿಗೆ ತಗೋ, ಕೇಪಿಂದು. ಕುದುರೆ ಕೇಪಿಗೆ ಬಡಿದ ಕೂಡ್ಲೆ ಮದ್ದು ಹೊತ್ಕೊಳ್ಳತ್ತೆ," ಅಂದ ಕ್ಲೆಲ್. "ಮೂವತ್ತೆರಡು ತುಂಬಾ ಸಣ್ಣದು ಮಾರಾಯ. ನಾಲ್ಕು ಈಡಿಗೆ ಒಳಗೆಲ್ಲ ಮಸಿ ಕಟ್ಕೊಳ್ಳತ್ತೆ. ಗುಂಡು ತಳ್ಳೋ ಗಜ ಕಡ್ಡಿ ಥರ ಇರತ್ತೆ, ಲಟಕ್ಕನೆ ಮುರಿಯತ್ತೆ."

"ಕೇಪು ಸೋಮಾರಿಗಳಿಗೆ ಕಣೋ. ನಮ್ಮ ವಂಶದವರು ಚಕಮಕಿ ಕಲ್ಲಲ್ಲೇ ಹೊಡೆದವ್ರು."

"ನಿಮ್ಮ ವಂಶ ನಮ್ಮ ವಂಶಾನೂ ಅಲ್ವೇನೋ? ನನಗ್ಯಾಕೆ ಗೊತ್ತಿಲ್ಲ?"

ಹೋಬರ್ಟ್ ಗಾಳಿಗೆ ಗುಂಡು ವಾಲುವ ಮಾತಾಡಿದ, ಗುಂಡಿನ ತೂಕದ ಮಾತಾಡಿದ, ಮದ್ದಿನ ಉಳಿತಾಯದ ಬಗ್ಗೆ ಉಪನ್ಯಾಸವನ್ನೇ ಕೊಟ್ಟ. ಕೊನೆಗೆ ಕೊಂಡದ್ದು ಮಾತ್ರ ಗೋಡೆಯ ಮೇಲಿದ್ದವುಗಳಲ್ಲೆಲ್ಲ ಚೆಂದದ್ದನ್ನು. ಮೂವತ್ತೆರಡರ ಚಕಮಕಿ ಕೋವಿ, ಅಲೆ ಅಲೆಯಾಗಿ ಹೊಳೆಯುವ ಮೇಪಲ್ ಮರದ ಹಿಡಿ, ಹಿಡಿಯೊಳಗಿನ ಪುಟ್ಟ ಗೂಡಿಗೊಂದು ಹಿತ್ತಾಳೆಯ ಮುಚ್ಚಳ. ಮುಂದಿನ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ಬೇಸಿಗೆಯ ಕೊನೆಯ ಸಾಮೂಹಿಕ ಊಟಕ್ಕೆ ಅಳಿಲಿನ ಸಾರು ತನ್ನದೇ ಎಂದು ಘೋಷಿಸಿಯೂ ಬಿಟ್ಟ.

ಆಗಸ್ಟಿನಲ್ಲಿ, ಬೇಸಿಗೆ ಇನ್ನೂ ಇರುವಾಗಲೇ, ಬೇಟೆಯ ಕಾಲ ಶುರುವಾಯಿತು. ಹೋಬರ್ಟ್ ಮುತ್ತಾತನ ಕಾಲದವರಂತೆ ಚರ್ಮದ ಅಂಗಿ ತೊಟ್ಟು, ಸೆಕೆಗೆ ಬೆವರು ಸುರಿಸುತ್ತ ಕಾಡಿಗೆ ಹೋದ. ಗುರಿಯಿಟ್ಟು ಟ್ರಿಗರ್ ಎಳೆದರೆ ಮೊದಲು ಕಿವಿಯ ಹತ್ತಿರ ಚಟ್ ಎಂದು ಕಿಡಿ, ಆಮೇಲೆ ಭುಸ್ ಎಂದು ಹೊಗೆ, ಆಮೇಲೆ ಢಂ. ಇಷ್ಟರಲ್ಲಿ ಅಳಿಲು ಕಾಂಡದ ಆಚೆ ಬದಿಗೆ ಹೋಗಿ ಕೂತು ಅವನನ್ನೇ ಬೈಯುತ್ತಿತ್ತು. ಸ್ವಲ್ಪ ಹೊತ್ತಿಗೆ ನಳಿಗೆಯೊಳಗೆ ಮಸಿ ಕಟ್ಟಿತು. ಗುಂಡು ಅರ್ಧದಲ್ಲೇ ಕಚ್ಚಿಕೊಂಡಿತು. ಸಿಟ್ಟಿನಿಂದ ಒತ್ತಿದ ಏಟಿಗೆ ಗಜ ಮುರಿದು, ಅದರ ಚೂಪು ತುದಿ ಅಂಗೈಗೆ ಚುಚ್ಚಿತು.

ಊಟದ ದಿನ ಹತ್ತಿರ ಬಂದಿತ್ತು. ಹೋಬರ್ಟ್ ಯಾರಿಗೂ ಹೇಳದೆ ಪೇಟೆಗೆ ಹೋಗಿ ಕೋಳಿ ತಂದ.

"ಸಣ್ಣಗೆ ಹೆಚ್ಚಿಬಿಡು, ಯಾರಿಗೂ ಗೊತ್ತಾಗಲ್ಲ," ಅಂದ.

"ಸಾರು ನಂದು, ಸುಳ್ಳು ನಿಂದು. ಕೇಳಿದ್ರೆ ನೀನೇ ಉತ್ತರ ಕೊಡ್ಬೇಕು," ಅಂದಳು ಇಮೋಜೀನ್.

ಚರ್ಚಿನ ಅಂಗಳದಲ್ಲಿ ನಾವೆಲ್ಲ ಸಾರಿಗೆ ಮೆಕ್ಕೆಜೋಳದ ರೊಟ್ಟಿ ಅದ್ದಿ ತಿನ್ನುತ್ತ ಹೋಬರ್ಟನ ಗುರಿಯನ್ನು ಹೊಗಳಿದೆವು. ನಾನು ಎರಡು ಸಲ ಬಡಿಸಿಕೊಂಡೆ. ಆಗ ಪಾದ್ರಿ ಎಲ್ಜಿಯವರು ತಟ್ಟೆಯಿಂದ ಒಂದು ಮೂಳೆ ಎತ್ತಿ ಬಿಸಿಲಿಗೆ ಹಿಡಿದರು. ಯಾರು ನೋಡಿದರೂ ರೆಕ್ಕೆಯ ಮೂಳೆ.

"ಬ್ರದರ್ ಹೋಬರ್ಟ್, ಇದೇನಪ್ಪಾ?"

ಹೋಬರ್ಟ್ ಕಣ್ಣು ಮಿಟುಕಿಸಲಿಲ್ಲ. "ಹಾರೋ ಅಳಿಲು, ಬ್ರದರ್. ನಮ್ಮ ಬೆಟ್ಟದಲ್ಲಿ ಬೇಕಾದಷ್ಟಿವೆ."

"ಹೌದೌದು. ಇವು ಮೊಟ್ಟೇನೂ ಇಡ್ತಾವೇನು?"

ಅಂಗಳಕ್ಕೆ ಅಂಗಳವೇ ನಕ್ಕಿತು. ಹೋಬರ್ಟನ ಕಿವಿಗಳು ಕೆಂಪಾದವು. ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಹೋಗಿ ತನ್ನ ಟ್ರಕ್ಕಿನೊಳಗೆ ಕೂತ. ಕಿಟಕಿಯ ಗಾಜು ಏರಿಸಿಕೊಂಡ. ಆ ಸೆಕೆಯಲ್ಲಿ ಗಾಜು ಏರಿಸಿ ಕೂತ ಗಂಡಸನ್ನು ನೋಡಿ ನಮ್ಮ ನಗು ತಾನಾಗಿ ಸೊರಗಿತು, ಆದರೂ ಎದ್ದು ಹೋಗಿ ಒಂದು ಮಾತಾಡಿಸಿದವರಿಲ್ಲ. ಸಾರು ಇನ್ನೂ ಮಿಕ್ಕಿತ್ತು. ಇಮೋಜೀನ್ ಒಬ್ಬಳೇ ಹೋಗಿ ಅವನ ಪಕ್ಕ ಕೂತು ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಅವಳೇ ಚೆಂದದ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ಕ್ಲೆಲ್‌ನ ಅಂಗಡಿಗೆ ಒಯ್ದು, ಬದಲಿಗೆ ಮೂವತ್ತಾರರ ಕೇಪಿನ ಕೋವಿ ತಂದಳು. ಗೀರು ಬಿದ್ದ ಹಿಡಿ, ಹಿತ್ತಾಳೆಯ ಸುಳಿವೇ ಇಲ್ಲ.

"ನನ್ನನ್ನ ಒಂದು ಮಾತು ಕೇಳೋದಲ್ವಾ?" ಅಂದ ಹೋಬರ್ಟ್.

"ಕೇಳಿದ್ರೆ ಇನ್ನೊಂದು ಚಳಿಗಾಲ ಹೋಗ್ತಿತ್ತು."

ಅವನು ಕೆಲವು ದಿನ ಮುನಿಸಿಕೊಂಡ. ಕೋವಿಗೆ ಬೆನ್ನು ಹಾಕಿ ಕಾಫಿ ಕುಡಿದ. ಆಮೇಲೆ ಒಂದು ಮುಂಜಾನೆ ಹಳೆಯ ಹತ್ತಿಯ ಅಂಗಿ ತೊಟ್ಟು ಸದ್ದಿಲ್ಲದೆ ಹೊರಟ. ಬಿಸಿಲೇರುವ ಮೊದಲೇ ತಿರುಗಿ ಬಂದಾಗ ಸೊಂಟದಲ್ಲಿ ಕೊಬ್ಬಿದ ಅಳಿಲುಗಳು ತೂಗುತ್ತಿದ್ದವು. ಏಟು ಬಿದ್ದದ್ದು ತಲೆಗೆ ಮಾತ್ರ, ಮಾಂಸಕ್ಕೆ ಒಂದು ಗೀರೂ ಇಲ್ಲ. ಇಮೋಜೀನ್ ಬಾಣಲೆ ಒಲೆಗಿಟ್ಟಳು. ಅವನು ಹೊಸಿಲ ಮೇಲೆ ಕೂತು, ಯಾರೂ ನೋಡುತ್ತಿಲ್ಲವೆಂದುಕೊಂಡು, ಆ ಗೀರು ಬಿದ್ದ ಹಿಡಿಯನ್ನು ಬಹಳ ಹೊತ್ತು ಒರೆಸಿದನಂತೆ.

ಮಧ್ಯಾಹ್ನ ಅಂಗಡಿಗೆ ಬಂದವನೇ ಎದೆ ಸೆಟೆಸಿ ಹೇಳಿದ: "ನಾನು ಮೊದ್ಲಿಂದ್ಲೂ ಹೇಳ್ತಾನೇ ಇದ್ದೆ. ಅಳಿಲಿಗೆ ಮೂವತ್ತಾರೇ ಸರಿ, ಅದೂ ಕೇಪಿಂದೇ. ಕ್ಲೆಲ್, ನಿನಗೆ ಇದೆಲ್ಲ ಅರ್ಥ ಆಗಲ್ಲ ಬಿಡು."

ಕ್ಲೆಲ್ ಮೊಳೆ ತೂಗತೊಡಗಿದ. ನಾವ್ಯಾರೂ ತಕರಾರು ತೆಗೆಯಲಿಲ್ಲ. ಆ ಸಂಜೆ ಇಮೋಜೀನ್ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದಳು.