ಐಲರ್ಟ್ ಮೇಷ್ಟ್ರು ಹೆಂಡತಿಗೆ ಕೋನ ಹೇಳಿಕೊಟ್ಟದ್ದು

ಬೆಟ್ಟಗಳ ನಡುವೆ ಚಾಚಿದ ಕಡಲ ತೋಳಾದ ನಮ್ಮ ಫ್ಯೋರ್ಡಿನ ದಡದಲ್ಲಿ ಐಲರ್ಟ್ ಮೇಷ್ಟ್ರ ಹತ್ತಿರ ಲೆಕ್ಕ ಕಲಿಯದವರು ಕಡಿಮೆ. ಅವರ ಹೆಂಡತಿ ಗುಡ್ಲೌಗ್ ಮಾತ್ರ ಕಲಿತಿರಲಿಲ್ಲ. ದೋಣಿಕಟ್ಟೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಅವಳು ಲೆಕ್ಕವೆಂದರೆ ಮಾರು ದೂರ ಸರಿಯುವವಳು.

ಮೇಷ್ಟ್ರು ನಿವೃತ್ತರಾದ ವರ್ಷವೇ ಲಕ್ವ ಹೊಡೆಯಿತು. ಕೈಕಾಲು ಚೇತರಿಸಿಕೊಂಡವು, ಮಾತು ಸರಿಯಾಗಿ ಮರಳಲಿಲ್ಲ. ಬಟ್ಟಲು ಬೇಕಾದರೆ "ಕಿಟಕಿ" ಅನ್ನುವರು. ತಪ್ಪಾಯಿತೆಂದು ಗೊತ್ತಾಗಿ ಮುಖ ತಿರುಗಿಸುವರು. ಕಡೆಗೆ ಬಾಯಿ ತೆರೆಯುವುದನ್ನೇ ಬಿಟ್ಟರು. ಮಾತು ಕಲಿಸಲು ಬಂದ ಹೆಂಗಸು ಚಿತ್ರ ತೋರಿಸಿ "ಇದು ನಾಯಿ, ಹೇಳಿ" ಅಂದಾಗ ಎದ್ದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯವಳಾದ ನಾನು ಕಾಫಿಗೆ ಹೋಗಿದ್ದೆ. ಗುಡ್ಲೌಗ್ ಆಲೂಗಡ್ಡೆಯ ಲೆಫ್ಸೆ ರೊಟ್ಟಿ ಸುಡುತ್ತಿದ್ದಳು. ಕೈ ಒರೆಸಿಕೊಂಡು, ಗಂಡನ ಹಳೆಯ ತ್ರಿಕೋನಮಿತಿ ಪುಸ್ತಕ ತಂದು ಅವರ ಪಕ್ಕದಲ್ಲಿ ಕೂತಳು.

"ಏನ್ ಮೇಷ್ಟ್ರೇ, ಊರಿಗೆಲ್ಲ ಹೇಳ್ಕೊಟ್ರಿ, ನನ್ನೊಬ್ಳನ್ನ ಬಿಟ್ರಿ. ಕೊಸೈನ್ ಮೈನಸ್ ಅರ್ಧ ಅಂತೆ. ಕೋನ ಅರವತ್ತು ತಾನೇ?"

ಮೇಷ್ಟ್ರು ಅಲ್ಲವೆಂದು ತಲೆಯಾಡಿಸಿದರು.

"ಯಾಕೆ? ಅರವತ್ತಕ್ಕೆ ಅರ್ಧ ಅಂತ ಇಲ್ಲೇ ಬರ್ದಿದೆ."

"ಮೈ... ಮೈನಸ್."

ಅವರು ಒಂದು ರೊಟ್ಟಿ ಎಳೆದುಕೊಂಡು ಚಾಕುವಿನಿಂದ ಅಡ್ಡ ಒಂದು, ಉದ್ದ ಒಂದು ಗೆರೆ ಕೊಯ್ದು ನಾಲ್ಕು ಭಾಗ ಮಾಡಿದರು. ಬಲಗಡೆಯ ಎರಡನ್ನು ತೋರಿಸಿ "ಪ್ಲಸ್" ಎಂದರು. ಅವನ್ನು ತೆಗೆದು ಒಂದು ನನಗೆ, ಒಂದು ಅವಳಿಗೆ ಕೊಟ್ಟರು.

"ಅಂದ್ರೆ ಅವು ಬೇಡ. ತಿಂದ್ಬಿಡ್ಲಾ?" ಎಂದಳು.

ಮೇಷ್ಟ್ರು ಚಾಕುವನ್ನು ನಡುವಿನಿಂದ ಮೇಲಿನ ಎಡ ತುಂಡಿನ ಮೇಲೆ ಓರೆಯಾಗಿಟ್ಟು, ಅದಕ್ಕೂ ಎಡಗಡೆಯ ಅಡ್ಡಗೆರೆಗೂ ನಡುವಿನ ಸಂದನ್ನು ಬೆರಳಿಂದ ತಟ್ಟಿದರು. "ಅರವತ್ತು. ಇಲ್ಲಿ."

ಗುಡ್ಲೌಗ್ ಬಲಗಡೆಯಿಂದ ಬೆರಳು ಸುತ್ತಿಸುತ್ತ ಬಂದಳು. "ಅರ್ಧ ಸುತ್ತು ನೂರೆಂಬತ್ತು. ಅದಕ್ಕೆ ಅರವತ್ತು ಕಮ್ಮಿ... ನೂರಿಪ್ಪತ್ತಾ?"

"ಇನ್ನೊಂದು."

ಅವಳೇ ಚಾಕುವನ್ನು ಕೆಳಗಿನ ತುಂಡಿಗೆ ಇಳಿಸಿದಳು. "ಇಲ್ಲಿ ಅರವತ್ತು ಜಾಸ್ತಿ. ಇನ್ನೂರ ನಲವತ್ತು."

ಮೇಷ್ಟ್ರು ನಕ್ಕರು. ಎಷ್ಟೋ ತಿಂಗಳ ಮೇಲೆ ಅವರ ನಗು ಕೇಳಿದೆ. ಗುಡ್ಲೌಗ್ ಒಲೆಯತ್ತ ತಿರುಗಿ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು.

ಅಂದಿನಿಂದ ದಿನಕ್ಕೊಂದು ಲೆಕ್ಕ. ಲೆಕ್ಕದ ಮಾತಿನ ಬೆನ್ನಿಗೆ ಮನೆಮಾತೂ ಒಂದೊಂದಾಗಿ ಬಂತು, ಎಲ್ಲವೂ ಅಲ್ಲ. ವಸಂತದಲ್ಲಿ ಅವಳು ಹಟಕ್ಕೆ ಬಿದ್ದು ಖಾಸಗಿಯಾಗಿ ಶಾಲೆಯ ಲೆಕ್ಕದ ಪರೀಕ್ಷೆ ಕಟ್ಟಿದಳು. ಫಲಿತಾಂಶದ ದಿನ ಶಾಲೆಯ ಗೇಟಿನಲ್ಲಿ ಮೇಷ್ಟ್ರು ಕಾದಿದ್ದರು.

"ಪಾಸಾ?"

"ಹೂಂ. ಅಂಚಲ್ಲಿ."

"ಸಾಕು," ಎಂದು ಅವಳ ಕೈ ಹಿಡಿದುಕೊಂಡರು. ಇಬ್ಬರೂ ಸುತ್ತುದಾರಿಯಲ್ಲಿ ಮನೆಗೆ ಬಂದರು.