ಕೊಡದಲ್ಲಿ ನಿಲ್ಲದ ಬೆಳಕು

ಮಾನ್ಯ ಅಧ್ಯಕ್ಷರೇ...
ವೇದಿಕೆ ಮೇಲಿನ ಗಣ್ಯರೇ,
ವೇದಿಕೆ ಸಿಗದೆ ಕೆಳಗೆ ಕೂತ ನಗಣ್ಯರೇ,
ಮೊಬೈಲ್ ಹಿಡಿದು ನೆರೆದಿರುವ ಸಮಸ್ತ ಮಿತ್ರರೇ...

ಒಂದು ತಪ್ಪು ಸುದ್ದಿ ಬಂದಿದೆ.
ನಮ್ಮ ಖಾದರ್ ತೀರಿಕೊಂಡನಂತೆ.

ಇರಲಿಕ್ಕಿಲ್ಲ...
ಮೊನ್ನೆ ತಾನೇ ನನ್ನ ಪೋಸ್ಟಿನ ಕೆಳಗೆ "ಪ್ರಾಸ ಕಡಿಮಿ ಮಾಡಲೇ" ಎಂದು ಕಾಮೆಂಟ್ ಹಾಕಿದ್ದಾನೆ.
ಸಾಯುವ ಮನುಷ್ಯ ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಾನೆಯೇ?

ಬೆಳಿಗ್ಗೆ ಅವನ ತಮ್ಮ ಫೋನ್ ಮಾಡಿದ.
"ಭಾಯಿ ಹೋದ್ರಿ... ಎದಿ ಹಿಡ್ಕೊಂಡು ಕುಂತಾವ ಏಳಲೇ ಇಲ್ರಿ. ಸಂಜಿ ನಮಾಜ್ ಆದಮ್ಯಾಲೆ ಮಣ್ಣು. ನೀವು ಜಲ್ದಿ ಬರ್ರಿ."

ಲಕ್ಷ್ಮೇಶ್ವರದಲ್ಲಿ.
ಗೆಳೆಯರೆಲ್ಲ ಬರಬೇಕೆಂದು ವಿನಂತಿ.
ನಾನೂ ದಾರಿಯಲ್ಲಿದ್ದೇನೆ.

ಅವನನ್ನು ಅರಿಯದವರಿಗಾಗಿ ಎರಡು ಮಾತು...
ಎಂಬತ್ತರ ದಶಕದಲ್ಲಿ ಇಬ್ಬರೂ ಗದಗಿನ ಕಾಲೇಜಿನಲ್ಲಿದ್ದೆವು. ಅವನದು ಬಿಎಸ್ಸಿ, ನನ್ನದು ಕನ್ನಡ ಬಿಎ.
ಅವನ ಅಪ್ಪ ತಗಡಿನ ಚಿಮಣಿ ದೀಪ ಮಾಡಿ ಸಂತೆಯಲ್ಲಿ ಮಾರುತ್ತಿದ್ದರು.
ಮಗನ ತಲೆಯಲ್ಲಿ ಮಾತ್ರ ಆಪ್ಟಿಕಲ್ ಫೈಬರ್!
ಕೂದಲೆಳೆಯಂಥ ಗಾಜು... ಅದರೊಳಗೆ ಹರಿಯುವ ಬೆಳಕು ಫೋನಿನ ಮಾತನ್ನು ಊರಿಂದೂರಿಗೆ ಒಯ್ಯುತ್ತದೆ ಎನ್ನುತ್ತಿದ್ದ.
ಆ ಎಳೆಯನ್ನು ಇಬ್ಬರೂ ಕಣ್ಣಿಂದ ಕಂಡವರಲ್ಲ.
ಆದರೂ ರವಿವಾರ ಬಂತೆಂದರೆ ಡಂಬಳ, ಬಿಂಕದಕಟ್ಟಿ, ಬೆಳ್ಳಟ್ಟಿ ಎಂದು ತಿರುಗಿ ಜನರಿಗೆ ತಿಳಿಸಿ ಹೇಳುತ್ತಿದ್ದೆವು.
ಭಾಷಣ ನನ್ನದು, ಬೆಳಕು ಅವನದು.

"ಗಾಜಿನ ಎಳೆ, ಒಳಗೆ ಬೆಳಕಿನ ಹೊಳೆ!" ಎಂದು ನಾನು ಶುರು ಮಾಡುತ್ತಿದ್ದೆ.
ನಡುವೆ ದಟ್ಟ ಗಾಜು, ಅದರ ಸುತ್ತ ತುಸು ವಿರಳ ಗಾಜು.
ಎರಡರ ಗಡಿಗೆ ಬೆಳಕು "ಓರೆಯಾಗಿ ಬಡಿದರೆ ವಾಪಸ್, ನೆಟ್ಟಗೆ ಬಡಿದರೆ ಪಾಸ್!"
ಹೊರಗೆ ದಾರಿ ಸಿಗದೆ ಪುಟಿಯುತ್ತ ಪುಟಿಯುತ್ತ ಇನ್ನೊಂದು ತುದಿ ಮುಟ್ಟುತ್ತದೆ...
ಹಿಂದಿನಿಂದ ಖಾದರ್ ಗೊಣಗುವನು, "ಲೇ, ನಿನ್ನ ಪ್ರಾಸ ಮುಗಿಯೂದ್ರಾಗ ನನ್ನ ಬ್ಯಾಟರಿ ಸೆಲ್ಲು ಮುಗೀತಾವ!"

ಬೆಳ್ಳಟ್ಟಿಯ ಶಾಲೆಯಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದೆವು.
ಅವನ ಅಪ್ಪ ಮಾಡಿಕೊಟ್ಟ ತಗಡಿನ ಡಬ್ಬಿ... ಒಂದು ಬದಿ ಗಾಜು, ಎದುರು ಬದಿ ತೂತು, ತುಂಬ ನೀರು.
ಗಾಜಿನ ಹಿಂದಿನಿಂದ ಖಾದರ್ ಬ್ಯಾಟರಿ ಬೆಳಕು ಬಿಟ್ಟ.
ತೂತಿನಿಂದ ಚಿಮ್ಮಿದ ನೀರು ಬಾಗಿತು.
ಅದರ ಜೊತೆ ಬೆಳಕೂ ಬಾಗಿತು...
ನೀರು ಚೆಲ್ಲಿದರೆ ಬೈಸಿಕೊಳ್ಳಬೇಕಾದ ಊರು, ಕೆಳಗೆ ಕೊಡ ಇಟ್ಟಿದ್ದೆವು.
ಕಣ್ಣಿಗೆ ಪೊರೆ ಬಂದ ಮುದುಕಿಯೊಬ್ಬಳು ನೀರಿಗೆ ಅಂಗೈ ಒಡ್ಡಿದಳು.
"ಬೆಳಕು ಕೈಯಾಗ ಬಿತ್ತಲ್ಲೋ ಯಪ್ಪಾ! ಆ ಕೊಡದಾಗಿನ ನೀರು ನನಗ ಕೊಡ್ರಿ, ಕಣ್ಣಿಗೆ ಹಚ್ಕೋತೀನಿ."
"ಯವ್ವಾ, ಬೆಳಕು ನೀರಾಗ ಹಾದು ಹೋಗ್ತೈತಿ, ನಿಂದ್ರೂದಿಲ್ಲ. ಕೊಡದಾಗ ಬರೇ ನೀರು ಐತಿ" ಎಂದ ಖಾದರ್.
"ನಿಂದ್ರಸಾಕ ಬರಲಾರದ ಬೆಳಕು ಯಾಕ ತಂದ್ಯೋ ಹಂಗಾದ್ರ?"

ಸಭೆಯೆಲ್ಲ ನಕ್ಕಿತು.
ಖಾದರ್ ನಗಲಿಲ್ಲ. ಬ್ಯಾಟರಿ ಆರಿಸಿದ.

ಖಾದರ್...
ಇವತ್ತು ಆ ಮುದುಕಿಯ ಪ್ರಶ್ನೆ ನನ್ನದು ಕಣೋ.
ನಿಲ್ಲದ ಬೆಳಕನ್ನು ಯಾಕೆ ತಂದೆ?

ಎಳೆಗಳಲ್ಲಿ ನಮೂನೆಗಳಿವೆ ಎಂದು ಕಲಿಸಿದವ ನೀನು.
ನಡುವಿನ ಗಾಜು ಅಗಲವಾಗಿದ್ದರೆ ಬೆಳಕಿಗೆ ಹಲವು ದಾರಿ. ನೆಟ್ಟಗೆ ಹೋದದ್ದು ಮೊದಲು, ಪುಟಿಯುತ್ತ ಹೋದದ್ದು ತಡ... ಮಾತು ಕಲಸಿಹೋಗುತ್ತದೆ.
ಅದಕ್ಕೇ ಇನ್ನೊಂದು ನಮೂನೆ. ನಡುವಿನಿಂದ ಅಂಚಿಗೆ ಹೋದಂತೆ ಗಾಜು ಮೆಲ್ಲಗೆ ವಿರಳವಾಗುತ್ತದೆ, ಅಲ್ಲಿ ಬೆಳಕಿಗೆ ಓಟ ಹೆಚ್ಚು.
"ಸುತ್ತುದಾರಿ ಹಿಡದಾವ ಜೋರು ಓಡಬೇಕಲೇ, ಅಂದ್ರ ಎಲ್ಲಾರ ಜೋಡಿ ಮುಟ್ತಾನ" ಎನ್ನುತ್ತಿದ್ದೆ ನೀನು.
ಕೊನೆಯ ನಮೂನೆಯಲ್ಲಿ ನಡುವಿನ ಗಾಜು ತೀರಾ ಸಪೂರ.
ನಾನು ಪ್ರಾಸ ಕಟ್ಟಿದ್ದೆ... "ಅಗಲ ದಾರಿ, ಹಲವು ಸವಾರಿ; ಸಪೂರ ದಾರಿ, ಒಂದೇ ಸವಾರಿ!"
ಅವತ್ತು ನೀನೇ ಚಪ್ಪಾಳೆ ಹೊಡೆದಿದ್ದೆ.
ಈಗ ಆ ಸಪೂರ ದಾರಿಯಲ್ಲಿ ಒಬ್ಬನೇ ಹೊರಟುಬಿಟ್ಟೆ...
ಜೊತೆಗೆ ಇನ್ನೊಬ್ಬನಿಗೆ ಜಾಗವೇ ಇಲ್ಲ.

ಸಾವಿಗೆ ಪ್ರಾಸ ಹುಡುಕಿದೆ. ನೋವು ಸಿಕ್ಕಿತು.
ಅಗ್ಗದ ಪ್ರಾಸ. ಬೈಯಲು ನೀನಿಲ್ಲ.
ಒಳಗೆ ಏನೂ ಉಳಿದಿಲ್ಲ ಖಾದರ್... ಬರೇ ನೀರು.

ಮಲಗಿದಲ್ಲಿ ನಿನಗೆ ಕತ್ತಲು ಭಾರವಾಗದಿರಲಿ.
ನಿನ್ನ ಜೀವ ತಣ್ಣಗಿರಲಿ, ಗೆಳೆಯಾ...

ಮಿತ್ರರೇ,
ದಾರಿಯಲ್ಲಿದ್ದೇನೆ ಎಂದದ್ದು ಸುಳ್ಳು.
ಮಧ್ಯಾಹ್ನದಿಂದ ಗದಗ ಬಸ್‌ಸ್ಟ್ಯಾಂಡಿನಲ್ಲೇ ಕೂತಿದ್ದೇನೆ. ಲಕ್ಷ್ಮೇಶ್ವರದ ಬಸ್ಸುಗಳು ಒಂದರ ಹಿಂದೊಂದು ಹೋದವು, ಹತ್ತಲಿಲ್ಲ.
ನಾನೊಂದು ಹಿಡಿ ಮಣ್ಣು ಹಾಕಿದರೆ ಸುದ್ದಿ ಖರೇ ಆಗಿಬಿಡುತ್ತದೆ.
ಅವನ ತಮ್ಮ ಫೋನ್ ಮಾಡುತ್ತಲೇ ಇದ್ದ... ನಾನು ಎತ್ತದೆ ಇದನ್ನು ಟೈಪ್ ಮಾಡುತ್ತಿದ್ದೆ.
ಈಗ ಅವನ ಫೋನ್ ಬರುವುದೂ ನಿಂತಿದೆ.
ಮಣ್ಣು ಮುಗಿದಿರಬೇಕು.